ಕಬ್ಬಿನ ಪೀಕು ಮತ್ತು ಅದರ ಆರ್ಥಿಕ ಉಪಯೋಗಗಳು
(ಚೊಳಚಗುಡ್ಡದ ಮಲಪ್ರಭಾ ದಂಡೆಯ ಜಮೀನುಗಳನ್ನು ಕುರಿತು)

ನೀರಾವರಿಯ ಪೀಕುಗಳಲ್ಲಿ ಕಬ್ಬಿನಷ್ಟು ಹಣವನ್ನು ಒಮ್ಮೆಲೇ ಒಕ್ಕಲಿಗನ ಕೈಗೆ ತಂದುಕೊಡುವ ಪೀಕು ವಿರಳ. ಅದರಷ್ಟು ನೀರನ್ನೂ ಗೊಬ್ಬರವನ್ನೂ ಕಾಲವನ್ನೂ ಬೇಡುವ ಪೀಕು ಸಹ ವಿರಳವೇ. ನೆರೆಯವನು ಹಚ್ಚಿದನೆಂದು ತಾನೂ ಕಬ್ಬು ಹಚ್ಚುವದು ಜಾಣತನದ ಒಕ್ಕಲುತನವಲ್ಲ. ಭೂಮಿಯು ತಡೆಯುವದೋ, ಬೇಸಿಗೆಯಲ್ಲಿ ನೀರು ಸಾಲುವದೋ, ಬೆಳೆದ ಕಬ್ಬಿನ ಪ್ರತಿಯೊಂದು ಭಾಗಕ್ಕೂ ಬೆಲೆ ಬರುವದೋ ಎಂಬ ಮೂರು ಲೆಕ್ಕಗಳನ್ನು ಮೊದಲು ಹಾಕಿಕೊಳ್ಳಬೇಕು. ಆ ಲೆಕ್ಕಗಳನ್ನು ಊರ ಹಿರಿಯರ ಮತ್ತು ಜಮೀನುದಾರರ ತಿಳುವಳಿಕೆಗಾಗಿ ಈ ಲೇಖನದಲ್ಲಿ ವಿವರಿಸಲಾಗಿದೆ.

1. ಕಬ್ಬಿನ ಸ್ವರೂಪ

ಕಬ್ಬು ಹುಲ್ಲಿನ ಜಾತಿಗೆ ಸೇರಿದ್ದು. ಜೋಳ ಗೋದಿಗಳ ಬಂಧು. ಜೋಳವು ತನ್ನ ಸಾರವನ್ನು ತೆನೆಯಲ್ಲಿ ಕೂಡಿಡುವದು, ಕಬ್ಬು ಕಾಂಡದಲ್ಲಿ ಕೂಡಿಡುವದು, ಇಷ್ಟೇ ಅಂತರ. ಹಿಂದುಸ್ಥಾನದಲ್ಲಿ ಇದರ ಸಾಗುವಳಿಯು ಅತಿ ಪ್ರಾಚೀನವಾದದ್ದು. ಸಂಸ್ಕೃತದ 'ಶರ್ಕರಾ' ಮತ್ತು 'ಖಂಡ' ಎಂಬ ಶಬ್ದಗಳೇ ಪಾರಸಿ ಅರಬಿಗಳ ಮಾರ್ಗವಾಗಿ ಯುರೋಪದ ಭಾಷೆಗಳಿಗೆ ಹೋಗಿ ಅಲ್ಲಿ ಸಕ್ಕರೆಯ ಹೆಸರುಗಳಾದವು.

ಇಂದು ಹೊಲಗಳಲ್ಲಿ ಕಾಣುವ ಕಬ್ಬು ಪೂರ್ವಿಕರು ಬೆಳೆದ ಕಬ್ಬಲ್ಲ. 1912ನೆಯ ಇಸವಿಯಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ಅಲ್ಲಿ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಇವರು ರಸಭರಿತವಾದ ದಪ್ಪ ಕಬ್ಬನ್ನು ಗಡುಸಾದ ಕಾಡುಕಬ್ಬಿನೊಡನೆ ಕೂಡಿಸಿ, ರಸವೂ ತಾಳಿಕೆಯೂ ಉಳ್ಳ ಸಂಕರ ತಳಿಗಳನ್ನು ಪಡೆದರು. ದಕ್ಷಿಣದಲ್ಲಿ ಕೋ. 419, ಕೋ. 740 ಎಂಬ ತಳಿಗಳು ಬಹುಕಾಲ ಪ್ರಸಿದ್ಧವಾಗಿದ್ದವು. 2000ನೆಯ ಇಸವಿಯಲ್ಲಿ ಬಿಡುಗಡೆಯಾದ ಕೋ. 86032 ತಳಿಯು ಅನಂತರ ಕರ್ನಾಟಕದಲ್ಲಿ ವಿಶೇಷವಾಗಿ ಹಬ್ಬಿತು. 1932ರಲ್ಲಿ ಪರದೇಶದ ಸಕ್ಕರೆಯ ಮೇಲೆ ರಕ್ಷಣಾ ಸುಂಕವು ಜಾರಿಗೆ ಬಂದ ಮೇಲೆ ದೇಶದಲ್ಲಿ ಸಕ್ಕರೆ ಕಾರಖಾನೆಗಳ ಸಂಖ್ಯೆಯು ಕೆಲವೇ ವರ್ಷಗಳಲ್ಲಿ ಮೂರು ಪಟ್ಟಿಗೂ ಮೀರಿತು. ಮಂಡ್ಯದ ಮೈಸೂರು ಸಕ್ಕರೆ ಕಂಪನಿಯು 1933ರಲ್ಲಿ ಆ ಕಾಲದಲ್ಲೇ ಹುಟ್ಟಿದ್ದು.

2. ಭೂಮಿ

ಚೊಳಚಗುಡ್ಡವು ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲೂಕಿನಲ್ಲಿ ಮಲಪ್ರಭಾ ನದಿಯ ಸಮೀಪ ಇರುವ ಗ್ರಾಮ. ಶ್ರೀ ಬನಶಂಕರಿದೇವಿಯ ಕ್ಷೇತ್ರ. ಈ ಭಾಗದಲ್ಲಿ ಕೆಂಪು ಮರಳುಗಲ್ಲಿನ ಗುಡ್ಡಗಳ ಬುಡಕ್ಕೆ ಉಸುಕು ಬೆರೆತ ಹಗುರ ಭೂಮಿಯೂ, ನದಿಯ ಕಡೆಗೆ ಎರೆಯ ಭೂಮಿಯೂ ಇರುವವು.

ಹಗುರ ಭೂಮಿಯಲ್ಲಿ ನೀರು ನಿಲ್ಲದೆ ಬೇಗ ಇಳಿದುಹೋಗುವದು. ಅಲ್ಲಿ ಕಬ್ಬು ಬಾರದೆಂದಲ್ಲ. ಆದರೆ ನೀರು ಮೇಲಿಂದಮೇಲೆ ಬೇಕಾಗುವದು, ಗೊಬ್ಬರವೂ ನೀರಿನೊಡನೆ ಕೆಳಗಿಳಿಯುವದು. ಎರೆಯ ಭೂಮಿಯು ನೀರನ್ನು ಹಿಡಿದಿಡುವದು. ಆದರೆ ನೀರು ಹೊರಗೆ ಬಸಿದುಹೋಗುವ ದಾರಿಯಿಲ್ಲದಿದ್ದರೆ ಇದೇ ಗುಣವು ದೋಷವಾಗುವದು. ವರ್ಷದುದ್ದಕ್ಕೂ ಮಿತಿಮೀರಿ ನೀರು ಹಾಯಿಸಿದ ಎರೆಯಲ್ಲಿ ತಳದ ಉಪ್ಪು ನೀರಿನೊಡನೆ ಮೇಲಕ್ಕೇರಿ, ನೀರು ಆವಿಯಾದ ಮೇಲೆ ಬಿಳಿಯ ಪದರಾಗಿ ಉಳಿಯುವದು. ಇದಕ್ಕೆ ಸವಳು ಎಂದೂ, ನೀರು ನಿಂತು ತಣ್ಣಗಾದ ಭೂಮಿಗೆ ಜವಳು ಎಂದೂ ಜನರು ಹೇಳುವರು. ಘಟಪ್ರಭಾ ಮತ್ತು ಮಲಪ್ರಭಾ ನೀರಾವರಿ ಪ್ರದೇಶಗಳಲ್ಲಿ ಹೀಗೆ ಕೆಟ್ಟ ಭೂಮಿಯು ಅಲ್ಪವಲ್ಲ.

ಸವಳು ಹತ್ತಿದ ಭೂಮಿಯನ್ನು ತಿದ್ದುವ ಖರ್ಚು ದೊಡ್ಡದು, ತಡೆಯುವ ಖರ್ಚು ಚಿಕ್ಕದು. ಹೊಲದ ಇಳಿಜಾರಿನ ಕಡೆಗೆ ಆಳವಾದ ಬಸಿಗಾಲುವೆಯನ್ನು ತೆಗೆಯಬೇಕು. ಎರಡು ಮೂರು ವರ್ಷಕ್ಕೊಮ್ಮೆ ಮಣ್ಣಿನ ಪರೀಕ್ಷೆ ಮಾಡಿಸಬೇಕು. ಕೂಳೆಯ ಪೀಕನ್ನು ಎರಡಕ್ಕಿಂತ ಹೆಚ್ಚು ಸಲ ಇಡದೆ, ಕಬ್ಬಿನ ತರುವಾಯ ಸೆಣಬು, ಕಡಲೆ ಇಲ್ಲವೆ ಹೆಸರನ್ನು ಬಿತ್ತಬೇಕು. ಬನಶಂಕರಿದೇವಿಗೆ ಶಾಕಂಭರಿಯೆಂದೂ ಹೆಸರುಂಟು. ಬರಗಾಲದಲ್ಲಿ ಕಾಯಿಪಲ್ಯಗಳಿಂದ ಜನರನ್ನು ಕಾಪಾಡಿದಳೆಂಬ ನಂಬಿಕೆಯಿಂದ ಪಲ್ಯದ ಹಬ್ಬದಲ್ಲಿ 108 ಬಗೆಯ ಪಲ್ಯಗಳನ್ನು ಆಕೆಗೆ ಅರ್ಪಿಸುವರು. ಹಲವು ಪೀಕುಗಳಿದ್ದ ಊರು ಬರವನ್ನು ತಡೆಯುವದೆಂಬ ಹಿರಿಯರ ಅನುಭವವು ಈ ಆಚರಣೆಯಲ್ಲಿ ಅಡಗಿರುವದು. ನದಿಯ ದಂಡೆಯೆಲ್ಲ ಒಂದೇ ಪೀಕಿಗೆ ಮೀಸಲಾಗುವದು ಆ ಅನುಭವಕ್ಕೆ ವಿರುದ್ಧವಾದದ್ದು.

3. ನೀರಿನ ಲೆಕ್ಕ

ಕಬ್ಬಿನ ಒಕ್ಕಲುತನದ ಜೀವಾಳವೇ ಈ ಲೆಕ್ಕ. ಒಂದು ವರ್ಷದ ಕಬ್ಬು ಹವೆಯನ್ನೂ ಭೂಮಿಯನ್ನೂ ಅನುಸರಿಸಿ 1500ರಿಂದ 2500 ಮಿಲಿಮೀಟರ, ಎಂದರೆ 60ರಿಂದ 100 ಅಂಗುಲ ನೀರನ್ನು ಬೇಡುವದು. ಬಾದಾಮಿಯ ಸೀಮೆಯಲ್ಲಿ ವರ್ಷದ ಮಳೆಯು ಸಾಧಾರಣವಾಗಿ 25 ಅಂಗುಲವನ್ನು ಮೀರದು. ಅದರಲ್ಲಿಯೂ ಒಂದು ಭಾಗ ಹರಿದುಹೋಗುವದು. ಆದ್ದರಿಂದ ಸುಮಾರು 60 ಅಂಗುಲ ನೀರನ್ನು ನದಿಯಿಂದಲೋ ಬಾವಿಯಿಂದಲೋ ಎತ್ತಿ ಹಾಯಿಸಬೇಕಾಗುವದೆಂದು ಹಿಡಿಯಬಹುದು. ಒಂದು ಎಕರೆಯ ಮೇಲೆ ಒಂದು ಅಂಗುಲ ನೀರೆಂದರೆ ಒಂದು ಲಕ್ಷ ಲೀಟರಿಗಿಂತ ತುಸು ಹೆಚ್ಚು. ಎಂದ ಮೇಲೆ ಒಂದು ಎಕರೆ ಕಬ್ಬಿಗೆ ಎತ್ತುವ ನೀರು 60 ಲಕ್ಷ ಲೀಟರಿಗೆ ಕಡಿಮೆಯಲ್ಲ.

ಇದನ್ನು ಬೇರೆ ಪೀಕಿನೊಡನೆ ಹೋಲಿಸಿ ನೋಡಬೇಕು. ಹಿಂಗಾರಿಯ ಜೋಳಕ್ಕೋ ಕಡಲೆಗೋ ತಲಾ ಮೂರು ಅಂಗುಲದಂತೆ ಮೂರು ಸಲ ನೀರು ಕೊಟ್ಟರೆ 9 ಅಂಗುಲವಾಯಿತು. ಒಂದು ಎಕರೆ ಕಬ್ಬಿನ ನೀರಿನಲ್ಲಿ ಇಂತಹ ಪೀಕಿನ ಆರು ಎಕರೆಗಿಂತಲೂ ಹೆಚ್ಚು ಭೂಮಿಯನ್ನು ಕಾಪಾಡಬಹುದು. ಭೂಮಿಯು ಕಡಿಮೆಯಿದ್ದು ನೀರು ಹೇರಳವಾಗಿರುವಲ್ಲಿ ಎಕರೆಯ ಮೇಲೆ ಲಾಭವನ್ನೆಣಿಸುವದು ಸರಿ. ಭೂಮಿಯಿದ್ದು ನೀರು ಕಡಿಮೆಯಿರುವಲ್ಲಿ ಪ್ರತಿ ಅಂಗುಲ ನೀರಿನ ಮೇಲೆ ಲಾಭವನ್ನೆಣಿಸಬೇಕು. ಚೊಳಚಗುಡ್ಡವು ನದಿಯ ಹತ್ತಿರ ಇದ್ದರೂ ಬೇಸಿಗೆಯಲ್ಲಿ ಎರಡನೆಯ ವರ್ಗಕ್ಕೆ ಸೇರುವದು.

ಇದಕ್ಕೆ ಕಾರಣವು ನದಿಯ ಸ್ಥಿತಿಯಲ್ಲಿಯೇ ಇರುವದು. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವದು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ 1972ರಲ್ಲಿ ಅಣೆಕಟ್ಟು ಪೂರ್ಣವಾದಂದಿನಿಂದ ಅದರ ಕೆಳಗಿನ ಪಾತ್ರದಲ್ಲಿ ಬೇಸಿಗೆಯ ಹರಿವು ಮೇಲಿನಿಂದ ಬಿಡುವ ನೀರನ್ನೇ ಬಹುಮಟ್ಟಿಗೆ ಅವಲಂಬಿಸಿರುವದು. ಜನೇವರಿಯಲ್ಲಿ ಹಚ್ಚಿದ ಕಬ್ಬು ಮರಿಯೊಡೆದು ಹಬ್ಬುವದು ಮಾರ್ಚದಿಂದ ಮೇ ವರೆಗೆ. ಆಗ ನೀರು ತಪ್ಪಿದರೆ ಮರಿಗಳು ಒಣಗಿ ಗಣಿಕೆಗಳ ಸಂಖ್ಯೆಯೇ ಕುಗ್ಗುವದು. ಮುಂದೆ ಎಷ್ಟು ಮಳೆಯಾದರೂ ಆ ನಷ್ಟವು ತುಂಬಿಬಾರದು. ನದಿಯು ಬಡವಾಗುವ ತಿಂಗಳುಗಳೂ ಇವೇ. ಅಕ್ಟೋಬರದಲ್ಲಿ ಹಚ್ಚಿದ ಪೀಕು ಬೇಸಿಗೆಗೆ ಮೊದಲೇ ಬೇರೂರಿ ಬಲವಾಗುವದರಿಂದ ಈ ಸೀಮೆಗೆ ಅದು ಹೆಚ್ಚು ಕ್ಷೇಮಕರ.

ಹನಿ ನೀರಾವರಿಯಿಂದ ಕಬ್ಬಿನ ನೀರಿನಲ್ಲಿ ನೂರಕ್ಕೆ 30ರಿಂದ 40ರಷ್ಟು ಉಳಿತಾಯವಾಗುವದು. 60 ಅಂಗುಲದಲ್ಲಿ ಸುಮಾರು 20 ಅಂಗುಲ ಉಳಿದರೆ ಎರಡು ಎಕರೆ ಜೋಳಕ್ಕೆ ನೀರಾಯಿತು. ಜೊತೆಗೆ ಸವಳಿನ ಭಯವೂ ಕಡಿಮೆಯಾಯಿತು. ಹನಿ ನೀರಾವರಿಗೆ ಅನುಕೂಲವಿಲ್ಲದವರು ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಹಾಯಿಸುವ ಪದ್ಧತಿಯನ್ನೂ, ಸಾಲುಗಳ ನಡುವೆ ರವದಿಯನ್ನು ಹಾಸುವ ಪದ್ಧತಿಯನ್ನೂ ಅನುಸರಿಸತಕ್ಕದ್ದು.

ನೀರಿನ ಕೊರತೆಯಂತೆ ಅದರ ಅತಿರೇಕವನ್ನೂ ಲೆಕ್ಕದಲ್ಲಿ ಹಿಡಿಯಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆಗೆ ಮಹಾಪೂರವು ಬಂದು ಪಟ್ಟದಕಲ್ಲಿನ ದೇವಾಲಯಗಳ ಆವರಣವೂ ಜಲಾವೃತವಾಯಿತು. ನದಿಯ ಅಂಚಿನ ವರೆಗೂ ಉತ್ತು ಕಬ್ಬು ಹಚ್ಚಿದರೆ ಪೂರದ ನೀರಿಗೆ ಹರಿಯಲು ಎಡೆಯಿಲ್ಲದೆ ಅದು ಹೊಲಕ್ಕೂ ಊರಿಗೂ ನುಗ್ಗುವದು. ದಂಡೆಯ ಅಂಚನ್ನು ಹುಲ್ಲಿಗೂ ಗಿಡಮರಗಳಿಗೂ ಬಿಡುವದೇ ವಿವೇಕ.

4. ಬೀಜ, ನಾಟಿ ಮತ್ತು ಗೊಬ್ಬರ

ಕಾರಖಾನೆಗೆ ಕಳಿಸುವ ಮುಪ್ಪಿನ ಕಬ್ಬನ್ನೇ ಬೀಜಕ್ಕೆ ಕಡಿಯುವದು ಸಾಮಾನ್ಯವಾದ ತಪ್ಪು. ಬೀಜಕ್ಕಾಗಿಯೇ ಬೇರೆ ಬೆಳೆದ, 8ರಿಂದ 10 ತಿಂಗಳ, ರೋಗರಹಿತವಾದ ಕಬ್ಬು ಬೇಕು. ಬೀಜದ ತುಂಡುಗಳನ್ನು 50 ಅಂಶ ಸೆಂಟಿಗ್ರೇಡ ಉಷ್ಣದ ನೀರಿನಲ್ಲಿ ಎರಡು ತಾಸು ಇಟ್ಟರೆ ಹುಲ್ಲುಜಡೆ ಮುಂತಾದ ಬೀಜದಿಂದ ಹಬ್ಬುವ ರೋಗಗಳು ಬಹಳ ಮಟ್ಟಿಗೆ ಕಡಿಮೆಯಾಗುವವು. ಒಂದೊಂದು ಕಣ್ಣಿನ ತುಂಡುಗಳಿಂದ ಸಸಿ ಮಾಡಿ ನೆಡುವ ರೀತಿಯಲ್ಲಿ ಬೀಜದ ಖರ್ಚು ಇನ್ನೂ ಕಡಿಮೆ. ಸಾಲಿನಿಂದ ಸಾಲಿಗೆ 5 ಅಡಿ, ಸಸಿಯಿಂದ ಸಸಿಗೆ ಒಂದೂವರೆ ಅಡಿ ಅಂತರವಿಟ್ಟರೆ ಎಕರೆಗೆ ಸುಮಾರು 5800 ಸಸಿಗಳು ಸಾಕು. ಅಗಲವಾದ ಸಾಲುಗಳ ನಡುವೆ ಮೊದಲ ಮೂರು ತಿಂಗಳಲ್ಲಿ ಉಳ್ಳಾಗಡ್ಡಿ, ಕೊತ್ತಂಬರಿ ಇಲ್ಲವೆ ಹೆಸರನ್ನು ತೆಗೆದುಕೊಂಡರೆ, ಕಬ್ಬಿನ ಹಣ ಬರುವದಕ್ಕೆ ಬಹಳ ಮೊದಲೇ ಕೈಗೆ ಒಂದಿಷ್ಟು ಕಾಸು ದೊರೆಯುವದು.

ಎಕರೆಗೆ 10 ಟನ್ನು ಚೆನ್ನಾಗಿ ಕಳಿತ ತಿಪ್ಪೆಯ ಗೊಬ್ಬರವೂ, 100 ಕಿಲೋ ಸಾರಜನಕ, 30 ಕಿಲೋ ರಂಜಕ, 75 ಕಿಲೋ ಪೊಟ್ಯಾಷ್ ಒದಗುವಷ್ಟು ರಾಸಾಯನಿಕ ಗೊಬ್ಬರವೂ ಬೇಕಾಗುವದು. ಸಾರಜನಕವನ್ನು ಒಂದೇ ಸಲಕ್ಕೆ ಸುರಿಯದೆ, ಮಣ್ಣು ಏರಿಸುವ ಕಾಲದೊಳಗಾಗಿ ಮೂರು ನಾಲ್ಕು ಕಂತುಗಳಲ್ಲಿ ಕೊಡಬೇಕು. ತಡವಾಗಿ ಕೊಟ್ಟ ಸಾರಜನಕವು ಕಬ್ಬನ್ನು ಹಸಿರಾಗಿಡುವದೇ ಹೊರತು ಸಿಹಿಯಾಗಿಸದು.

ಕೀಟಗಳ ವಿಷಯದಲ್ಲಿ ಒಂದು ನಿದರ್ಶನವು ಸಾಕು. 2002ರಲ್ಲಿ ಮಹಾರಾಷ್ಟ್ರದ ಸಾಂಗಲಿಯ ಕಡೆಯಿಂದ ಬಿಳಿ ಉಣ್ಣೆ ಹೇನು ಉತ್ತರ ಕರ್ನಾಟಕದ ಕಬ್ಬಿಗೆ ಹಬ್ಬಿ ಒಕ್ಕಲಿಗರನ್ನು ಕಂಗೆಡಿಸಿತು. ಅದನ್ನು ಹತೋಟಿಗೆ ತಂದವುಗಳಲ್ಲಿ ಮುಖ್ಯವಾದವು ಡೈಫಾ ಮತ್ತು ಮೈಕ್ರೋಮಸ್ ಎಂಬ, ಆ ಹೇನನ್ನೇ ತಿನ್ನುವ ಹುಳುಗಳು. ಕಂಡ ಕಂಡ ಹುಳುವಿಗೆಲ್ಲ ವಿಷ ಸಿಂಪಡಿಸುವವನು ತನ್ನ ಮಿತ್ರರನ್ನೂ ಕೊಲ್ಲುವನೆಂಬದನ್ನು ಮರೆಯಬಾರದು.

5. ಕಟಾವು

ಕಟಾವಿಗೆ ಎರಡು ಮೂರು ವಾರ ಮೊದಲು ನೀರು ನಿಲ್ಲಿಸಬೇಕು. ರಸದ ಗಟ್ಟಿತನವನ್ನು ಅಳೆಯುವ ಕೈಯಂತ್ರದಲ್ಲಿ ಅಂಕವು 18ರಿಂದ 20ರ ವರೆಗೆ ಬಂದು, ಬುಡದ ರಸಕ್ಕೂ ತುದಿಯ ರಸಕ್ಕೂ ಹೆಚ್ಚು ಅಂತರ ಕಾಣದಿದ್ದರೆ ಕಬ್ಬು ಪಕ್ವವಾಯಿತೆಂದು ತಿಳಿಯಬೇಕು. ಬುಡದಲ್ಲಿ ಸಕ್ಕರೆಯು ಹೆಚ್ಚಾಗಿರುವದರಿಂದ ಕಬ್ಬನ್ನು ನೆಲಕ್ಕೆ ಸಮನಾಗಿ ಕಡಿಯಬೇಕು. ಇದರಿಂದ ಕೂಳೆಯೂ ಚೆನ್ನಾಗಿ ಒಡೆಯುವದು. ಕಡಿದ ಕಬ್ಬನ್ನು 24 ತಾಸುಗಳೊಳಗಾಗಿ ಅರೆಯುವದು ಮೇಲು. ತಡವಾದಂತೆ ತೂಕವೂ ಸಕ್ಕರೆಯೂ ದಿನದಿನಕ್ಕೆ ಇಳಿಯುತ್ತ ಹೋಗುವವು.

6. ಕಾರಖಾನೆಯೋ ಗಾಣವೋ

ಕಾರಖಾನೆಗೆ ಕೊಡುವ ಕಬ್ಬಿಗೆ ಕೇಂದ್ರ ಸರಕಾರವು ಪ್ರತಿ ಹಂಗಾಮಿಗೆ ನ್ಯಾಯವಾದ ಕನಿಷ್ಠ ದರವನ್ನು ಗೊತ್ತುಪಡಿಸುವದು. 2025–26ರ ಹಂಗಾಮಿಗೆ ನೂರಕ್ಕೆ 10.25ರಷ್ಟು ಸಕ್ಕರೆಯ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಎಂದರೆ ಟನ್ನಿಗೆ 3550 ರೂಪಾಯಿ ದರವು ಗೊತ್ತಾಯಿತು. ಇದು ಕಾರಖಾನೆಯ ಬಾಗಿಲಲ್ಲಿನ ದರವೆಂಬದನ್ನು ಜಮೀನುದಾರನು ನೆನಪಿಡಬೇಕು. ಕಟಾವು ಮತ್ತು ಸಾಗಾಣಿಕೆಯ ಖರ್ಚು ಅದರಿಂದಲೇ ಕಳೆಯುವದು. ಕಾರಖಾನೆಯು ದೂರವಾದಷ್ಟು ಕೈಗೆ ಬರುವ ಹಣವು ಕಡಿಮೆ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಮೇರೆಗೆ ಕಬ್ಬು ಮುಟ್ಟಿದ 14 ದಿನಗಳೊಳಗಾಗಿ ಹಣ ಸಲ್ಲಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿಯು ಸಲ್ಲತಕ್ಕದ್ದು. ತೂಕದ ಚೀಟಿಯನ್ನು ಜೋಪಾನವಾಗಿಟ್ಟವನು ಮಾತ್ರ ಈ ಹಕ್ಕನ್ನು ಕೇಳಬಲ್ಲನು.

ಬೆಲ್ಲವು ಲಾಭವೋ ಕಾರಖಾನೆಯು ಲಾಭವೋ ಎಂಬ ಪ್ರಶ್ನೆಗೆ ಒಂದು ಸುಲಭ ಲೆಕ್ಕವುಂಟು. ಕಬ್ಬಿನ ತೂಕದಲ್ಲಿ ಬೆಲ್ಲವು ಸಾಮಾನ್ಯವಾಗಿ ನೂರಕ್ಕೆ 10ರಿಂದ 12ರಷ್ಟು ಬರುವದು. ಕಡಿಮೆಯ ಅಂಕವನ್ನೇ ಹಿಡಿದರೆ, ಒಂದು ಟನ್ನು ಕಬ್ಬಿನಿಂದ ಒಂದು ಕ್ವಿಂಟಲ ಬೆಲ್ಲ. ಆದ್ದರಿಂದ ಒಂದು ಕ್ವಿಂಟಲ ಬೆಲ್ಲದ ಪೇಟೆಯ ಧಾರಣೆಯಿಂದ ಅದನ್ನು ಅರೆದು ಕುದಿಸಿ ಸಾಗಿಸಿದ ಖರ್ಚನ್ನು ಕಳೆದು, ಉಳಿದದ್ದನ್ನು ಒಂದು ಟನ್ನಿಗೆ ಕಾರಖಾನೆಯಿಂದ ಕೈಗೆ ಬರುವ ಹಣದೊಡನೆ ಹೋಲಿಸಬೇಕು. ಉದಾಹರಣೆಗೆ, 3550 ರೂಪಾಯಿಯ ದರದಲ್ಲಿ ಕಟಾವು ಸಾಗಾಣಿಕೆಗೆ 800 ರೂಪಾಯಿ ಹೋದರೆ ಉಳಿಯುವದು 2750. ಬೆಲ್ಲ ಮಾಡುವ ಮತ್ತು ಮಾರುವ ಖರ್ಚು, ಗಾಣದ ವರೆಗಿನ ಕಟಾವು ಸಹಿತವಾಗಿ, ಕ್ವಿಂಟಲಿಗೆ 1200 ಆಗುವದಾದರೆ, ಬೆಲ್ಲದ ಧಾರಣೆಯು 3950ನ್ನು ಮೀರಿದಾಗ ಮಾತ್ರ ಗಾಣವು ಲಾಭ. ಪ್ರತಿಯೊಬ್ಬನೂ ತನ್ನ ಖರ್ಚಿನ ಅಂಕಗಳನ್ನು ಹಾಕಿ ಈ ಲೆಕ್ಕವನ್ನು ಹಂಗಾಮಿನ ಆರಂಭದಲ್ಲಿಯೇ ಮಾಡಿ ನೋಡಬೇಕು. ಇದೇ ಜಿಲ್ಲೆಯ ಮಹಾಲಿಂಗಪುರವು ಬೆಲ್ಲದ ಪೇಟೆಯೆಂದು ಹೆಸರಾದದ್ದರಿಂದ ಅಲ್ಲಿಯ ಧಾರಣೆಯನ್ನು ವಿಚಾರಿಸುವದು ಕಷ್ಟವಲ್ಲ.

ಬೆಲ್ಲದ ಗುಣವು ಶುಚಿತ್ವದಲ್ಲಿರುವದು. ರಸವನ್ನು ಸೋಸಿ, ಮಿತವಾಗಿ ಸುಣ್ಣದ ತಿಳಿಯನ್ನು ಕೊಟ್ಟು, ಬೆಂಡೆಯ ಗಿಡದ ಲೋಳೆಯಿಂದ ಕೊಳೆಯನ್ನು ಮೇಲೆಬ್ಬಿಸಿ ತೆಗೆದು, ಸುಮಾರು 118 ಅಂಶ ಸೆಂಟಿಗ್ರೇಡಿಗೆ ಪಾಕವನ್ನು ಇಳಿಸಿದರೆ ಬೆಲ್ಲವು ಗಟ್ಟಿಯಾಗಿ ಕಟ್ಟುವದು. ಹಳದಿಯ ಬಣ್ಣದ ಆಸೆಯಿಂದ ಹೈಡ್ರೋಸ್ ಎಂಬ ಪುಡಿಯನ್ನು ಕೈಬಂದಂತೆ ಹಾಕುವ ರೂಢಿಯು ತ್ಯಾಜ್ಯವಾದದ್ದು. ಅದರಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಅಂಶಕ್ಕೆ ಹತ್ತು ಲಕ್ಷಕ್ಕೆ 70 ಭಾಗವೆಂಬ ಮಿತಿಯುಂಟು. ಮೀರಿದ ಬೆಲ್ಲವು ತಿನ್ನಲು ಯೋಗ್ಯವಲ್ಲ, ಬಹುದಿನ ತಾಳುವದೂ ಇಲ್ಲ. ಕಂದು ಬಣ್ಣದ ಶುದ್ಧ ಬೆಲ್ಲವನ್ನು ಹುಡುಕಿ ಕೊಳ್ಳುವ ಗಿರಾಕಿಗಳು ಪಟ್ಟಣಗಳಲ್ಲಿ ಹೆಚ್ಚುತ್ತಿರುವರು. ಕಬ್ಬು ಅರೆಯುವ ಹಂಗಾಮಿನಲ್ಲಿಯೇ ಬೀಳುವ ಬನದ ಹುಣ್ಣಿವೆಯ ಜಾತ್ರೆಗೆ ಸಹಸ್ರಾವಧಿ ಜನರು ಚೊಳಚಗುಡ್ಡಕ್ಕೆ ಬರುವರು. ಊರವರು ತಮ್ಮ ಹೆಸರಿನ ಶುದ್ಧ ಬೆಲ್ಲವನ್ನು ಚಿಕ್ಕ ಪೆಂಟೆಗಳಲ್ಲಿ ಅಲ್ಲಿ ಮಾರಿದರೆ ದಲಾಲಿಯ ಖರ್ಚಿಲ್ಲದೆ ಗಿರಾಕಿಯು ಬಾಗಿಲಿಗೇ ಬಂದಂತಾಗುವದು.

7. ಕಬ್ಬಿನ ಇತರ ಉಪಯೋಗಗಳು

ಕಾರಖಾನೆಯು 100 ಟನ್ನು ಕಬ್ಬನ್ನು ಅರೆದರೆ ಸುಮಾರು 10 ಟನ್ನು ಸಕ್ಕರೆ, 28ರಿಂದ 30 ಟನ್ನು ಹಸಿ ಸಿಪ್ಪೆ, 4 ಟನ್ನಿಗೂ ಮೇಲ್ಪಟ್ಟು ಕಾಕಂಬಿ, 3ರಿಂದ 4 ಟನ್ನು ಮಡ್ಡಿ ದೊರೆಯುವವು. ಉಳಿದದ್ದು ಬಹುಪಾಲು ನೀರು. ಇವುಗಳಲ್ಲಿ ಯಾವದೂ ಕಸವಲ್ಲ.

ಸಿಪ್ಪೆಯನ್ನು ಉರಿಸಿ ಕಾರಖಾನೆಯು ತನ್ನ ಯಂತ್ರಗಳನ್ನು ನಡೆಯಿಸುವದಲ್ಲದೆ, ಉಳಿದ ವಿದ್ಯುತ್ತನ್ನು ಮಾರುವದು. ಅದರಿಂದ ಕಾಗದವನ್ನೂ ಮಾಡುವರು. ಕಾಕಂಬಿಯಿಂದ ಮದ್ಯಸಾರವನ್ನು ಇಳಿಸುವರು. ಒಂದು ಟನ್ನು ಕೊನೆಯ ದರ್ಜೆಯ ಕಾಕಂಬಿಯಿಂದ 220 ಲೀಟರಿನಷ್ಟು ಮದ್ಯಸಾರ ಬರುವದು. 2018ರ ಜೈವಿಕ ಇಂಧನ ನೀತಿಯಿಂದ ಕಬ್ಬಿನ ರಸದಿಂದಲೇ ಇಥೆನಾಲ್ ತೆಗೆಯಲಿಕ್ಕೂ ಅನುಮತಿ ದೊರೆಯಿತು, ಮತ್ತು 2025ರಲ್ಲಿ ದೇಶವು ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಇಥೆನಾಲ್ ಬೆರೆಸುವ ಗುರಿಯನ್ನು ಮುಟ್ಟಿತು. ಆದರೆ ಈ ಬೇಡಿಕೆಯು ಸ್ಥಿರವೆಂದು ನಂಬಲಾಗದು. ಮಳೆ ಕಡಿಮೆಯಾದ 2023ರ ಡಿಸೆಂಬರದಲ್ಲಿ ಸಕ್ಕರೆಯ ಕೊರತೆಯಾದೀತೆಂದು ಸರಕಾರವು ರಸದಿಂದ ಇಥೆನಾಲ್ ಮಾಡುವದಕ್ಕೆ ತಡೆಯೊಡ್ಡಿತು.

ಇವೆಲ್ಲ ಕಾರಖಾನೆಯ ಪಾಲಿನ ಲಾಭಗಳು. ಒಕ್ಕಲಿಗನ ಪಾಲಿನವು ಹೊಲದಲ್ಲಿಯೇ ಬಿದ್ದಿರುವವು. ತುದಿಯ ಹಸಿರು ಎಲೆಯು ದನಗಳಿಗೆ ಮೇವು. ಒಣ ಮೇವಿನೊಡನೆ ಬೆರೆಸಿ ಹಾಕಬೇಕು. ಒಣಗಿದ ರವದಿಯು ಎಕರೆಗೆ 3 ಟನ್ನಿಗೆ ಕಡಿಮೆಯಿರದು. ಅದರಲ್ಲಿ ನೂರಕ್ಕೆ 0.4ರಂತೆ ಸಾರಜನಕವನ್ನು ಹಿಡಿದರೂ 12 ಕಿಲೋ ಆಯಿತು. ಇದು ಅರ್ಧ ಚೀಲಕ್ಕೂ ಹೆಚ್ಚಿನ ಯೂರಿಯಾಕ್ಕೆ ಸಮ. ರವದಿಗೆ ಬೆಂಕಿಯಿಡುವವನು ಈ ಸಾರಜನಕವನ್ನು ಹೊಗೆಯಾಗಿ ಕಳಿಸಿ, ಮರುದಿನ ಅಂಗಡಿಗೆ ಹೋಗಿ ಅದನ್ನೇ ಹಣ ಕೊಟ್ಟು ತರುವನು. ಮಣ್ಣಿನ ಸೂಕ್ಷ್ಮಜೀವಿಗಳೂ ತೇವವೂ ನಾಶವಾಗುವವು, ನೆರೆಯ ಹೊಲಕ್ಕೆ ಅಪಾಯವೂ ಉಂಟು. ರವದಿಯನ್ನು ಸಾಲು ಬಿಟ್ಟು ಸಾಲಿಗೆ ಹಾಸಿ, ಸ್ವಲ್ಪ ಸಗಣಿಯ ರಾಡಿಯನ್ನೂ ಯೂರಿಯಾವನ್ನೂ ಚಿಮುಕಿಸಿದರೆ ಕೆಲವು ತಿಂಗಳಲ್ಲಿ ಕಳಿತು ಗೊಬ್ಬರವಾಗುವದು. ಕಾರಖಾನೆಯ ಮಡ್ಡಿಯನ್ನು ಸಹ, ಕಬ್ಬು ಒಯ್ದ ಗಾಡಿಯು ಬರಿದಾಗಿ ಮರಳದೆ ತುಂಬಿಕೊಂಡು ಬಂದರೆ, ಚೆನ್ನಾಗಿ ಕಳಿಸಿ ಹೊಲಕ್ಕೆ ಹಾಕಬಹುದು.

8. ಊರ ಹಿರಿಯರ ಕರ್ತವ್ಯ

ಕಬ್ಬಿನ ಒಕ್ಕಲುತನದಲ್ಲಿ ಒಬ್ಬೊಬ್ಬನೇ ಮಾಡಲಾಗದ ಕೆಲಸಗಳು ಕೆಲವಿರುವವು. ನದಿಯು ಬಡವಾದಾಗ ಎಲ್ಲರೂ ಒಮ್ಮೆಲೇ ಪಂಪು ಹೂಡಿದರೆ ಕೆಳಗಿನ ಊರಿಗೆ ಕುಡಿಯುವ ನೀರು ಸಹ ದೊರೆಯದು. ಜನ ದನಗಳ ನೀರನ್ನು ಮೊದಲು ತೆಗೆದಿಟ್ಟು, ಉಳಿದದ್ದಕ್ಕೆ ಪಾಳಿಯನ್ನು ಗೊತ್ತುಮಾಡಬೇಕು. ಊರಿಗೊಂದು ಬೀಜದ ಮಡಿಯನ್ನು ಬೆಳೆಯಿಸಿದರೆ ಒಳ್ಳೆಯ ಬೀಜವು ಬಡ ಒಕ್ಕಲಿಗನಿಗೂ ಸಿಕ್ಕುವದು. ಇದಕ್ಕೆ ಸಂಕೇಶ್ವರದ ಕಬ್ಬಿನ ಸಂಶೋಧನಾ ಕೇಂದ್ರದ ಸಲಹೆಯನ್ನು ಪಡೆಯಬಹುದು. ಕಟಾವಿಗೆ ದೂರದಿಂದ ಬರುವ ಕೂಲಿಯವರಿಗೆ ನೀರು ನೆರಳುಗಳನ್ನು ಒದಗಿಸಿ, ಅವರ ಮಕ್ಕಳನ್ನು ಊರ ಶಾಲೆಗೆ ಕಳಿಸುವ ಏರ್ಪಾಡು ಮಾಡುವದು ಹಿರಿಯರಿಗೆ ಭೂಷಣ. ರಾತ್ರಿ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹೊಳೆಯುವ ಕೆಂಪು ಪಟ್ಟಿಯಿಲ್ಲದಿದ್ದರೆ ಅವನ್ನು ಊರ ಗಡಿಯಲ್ಲಿಯೇ ನಿಲ್ಲಿಸಿ ಹಚ್ಚಿಸಬೇಕು.

ಸಾರಾಂಶ

(1) ಬಸಿಗಾಲುವೆಯಿಲ್ಲದ ಎರೆಯಲ್ಲಿ ಕಬ್ಬು ಹಚ್ಚಬಾರದು.
(2) ಮೇ ತಿಂಗಳಲ್ಲಿ ನಿಶ್ಚಯವಾಗಿ ದೊರೆಯುವ ನೀರಿಗೆ ತಕ್ಕಷ್ಟೇ ಎಕರೆಗಳಿಗೆ ಕಬ್ಬನ್ನು ಮಿತಿಗೊಳಿಸಬೇಕು; ಅಕ್ಟೋಬರದ ನಾಟಿಯೂ ಹನಿ ನೀರಾವರಿಯೂ ಮೇಲು.
(3) ಬೀಜದ ಕಬ್ಬನ್ನು ಬೇರೆಯಾಗಿಯೇ ಬೆಳೆಯಬೇಕು.
(4) ಒಂದು ಟನ್ನು ಕಬ್ಬಿಗೆ ಒಂದು ಕ್ವಿಂಟಲ ಬೆಲ್ಲವೆಂಬ ಲೆಕ್ಕದಿಂದ ಕಾರಖಾನೆಯನ್ನೂ ಗಾಣವನ್ನೂ ಹೋಲಿಸಬೇಕು.
(5) ರವದಿಯನ್ನು ಸುಡಬಾರದು.
(6) ನದಿಯ ಅಂಚನ್ನು ಉಳಬಾರದು.

ಕಬ್ಬು ಹಣದ ಪೀಕೆಂಬದು ನಿಜ. ಆದರೆ ಒಂದು ಹಂಗಾಮಿನ ಹಣಕ್ಕಾಗಿ ಸವಳು ಹತ್ತಿದ ಭೂಮಿಯು ಮಕ್ಕಳ ಕಾಲಕ್ಕೂ ಮೊದಲಿನಂತಾಗದು. ಐದು ಎಕರೆಯಲ್ಲಿ ಒಂದೂವರೆ ಎಕರೆಗೆ ಕಬ್ಬನ್ನು ಹಚ್ಚಿ, ಉಳಿದದ್ದರಲ್ಲಿ ಜೋಳ, ಕಡಲೆ, ಕಾಯಿಪಲ್ಯಗಳನ್ನು ಬೆಳೆಯುವ ಜಮೀನುದಾರನು ಬರ ಬಂದ ವರ್ಷವೂ ಮನೆಯಲ್ಲಿ ಕಾಳನ್ನು ಕಾಣುವನು, ಮಳೆಯಾದ ವರ್ಷವೂ ಕೈಯಲ್ಲಿ ಹಣವನ್ನು ಕಾಣುವನು.